ಎರಡು ರಾತ್ರಿಯ ನೆಂಟ

ಬೆಳಗಿನ ಐದು ಗಂಟೆ. ಜೂನ್ ಮೊದಲ ವಾರದ ಶನಿವಾರ. ದೆಹಲಿಯ ಜನಕಪುರಿಯ ಟಾರು ರಸ್ತೆ ನಿನ್ನೆಯ ಬಿಸಿಲನ್ನು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ನೀವು ಬಗ್ಗಿ, ಕೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ, ಮನಸ್ಸಿನಲ್ಲೇ ಏಳರವರೆಗೆ ಎಣಿಸುತ್ತಿದ್ದೀರಿ. ಅಷ್ಟು ಹೊತ್ತು ನಿಮ್ಮ ಕೈ ತಡೆದರೆ ನಾಯಿಯ ಪಾದವೂ ತಡೆಯುತ್ತದೆ ಎಂದು ಪಕ್ಕದ ಬ್ಲಾಕಿನ ಪಂಜಾಬಿ ಆಂಟಿ ಹೇಳಿಕೊಟ್ಟಿದ್ದಾರೆ. ಐದಕ್ಕೆ ಬಂದಿದ್ದೀರಿ. ಅಷ್ಟರಲ್ಲಿ ಎಡಗೈಗೆ ಸುತ್ತಿದ್ದ ಹಗ್ಗ ಬಿಗಿದು, ಭುಜ ಜಗ್ಗಿ, ನಿಮ್ಮನ್ನು ನಾಲ್ಕು ಹೆಜ್ಜೆ ಓಡಿಸಿಯೇ ಬಿಟ್ಟಿದೆ.

ಹಗ್ಗದ ಆ ತುದಿಯಲ್ಲಿರುವವನು ಬುಲೆಟ್. ಹಲ್ಲು ನೋಡಿದ ವೈದ್ಯರ ಲೆಕ್ಕಕ್ಕೆ ಒಂದೂವರೆ ವರ್ಷ. ತೂಕ ಹದಿನೆಂಟು ಕಿಲೋ. ತಿಳಿಗಂದು ಮೈ, ನಾಲ್ಕೂ ಪಾದ ಬಿಳಿ, ಒಂದು ಕಿವಿಯ ತುದಿಯಲ್ಲಿ ವಿ ಆಕಾರದ ಕಚ್ಚು. ಸಂತಾನಹರಣ ಚಿಕಿತ್ಸೆ ಆಗಿದೆ ಎಂಬುದಕ್ಕೆ ಅದು ಗುರುತು. ಶಸ್ತ್ರಚಿಕಿತ್ಸೆಯ ಅರಿವಳಿಕೆ ಇಳಿಯುವ ಮೊದಲೇ ಮಾಡಿಬಿಡುತ್ತಾರೆ. ಮರಿಯಾಗಿದ್ದಾಗ ಪಂಖಾ ರಸ್ತೆಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡು ಬಿದ್ದಿದ್ದನಂತೆ. ಎತ್ತಿ ತಂದು, ಕಟ್ಟು ಹಾಕಿಸಿ, ಸಾಕಿದವರು ಅದೇ ಆಂಟಿ. ಕಾಲು ಕೂಡಿಕೊಂಡಿತು. ಈಗ ನಿಮ್ಮನ್ನು ಎಳೆದುಕೊಂಡು ಹೋಗುತ್ತಿರುವುದು ಅದೇ ಕಾಲು.

ಆಂಟಿಯ ಮನೆಯಲ್ಲಿ ಆಗಲೇ ನಾಲ್ಕು ನಾಯಿಗಳಿವೆ, ಐದನೆಯದಕ್ಕೆ ಜಾಗ ಹುಡುಕುತ್ತಿದ್ದಾರೆ. ನಿನ್ನೆ ಸಂಜೆ ಹಗ್ಗವನ್ನು ನಿಮ್ಮ ಕೈಗೆ ಕೊಡುವಾಗ ಅವರು ನಾಯಿಯ ಗುಣಗಾನ ಮಾಡಲಿಲ್ಲ. “ಎರಡು ರಾತ್ರಿ ಇಟ್ಟುಕೊಳ್ಳಿ ಜೀ. ಆಮೇಲೆ ಹೂಂ ಅನ್ನಿ, ಊಹೂಂ ಅನ್ನಿ. ಮೂರು ತಿಂಗಳಾದ ಮೇಲೆ ಮಾತ್ರ ಊಹೂಂ ಅನ್ನಬೇಡಿ.” ಲಸಿಕೆಯ ಪುಸ್ತಕ ತೋರಿಸಿದರು. ಇಟ್ಟುಕೊಳ್ಳುವುದಾದರೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಹಚ್ಚಿ ಪಾಲಿಕೆಯಲ್ಲಿ ನೋಂದಣಿ ಮಾಡಿಸಲೇಬೇಕು ಎಂದರು. ಲಸಿಕೆ ಆಗಿದ್ದರೂ ಮಗುವಿಗೆ ಉಗುರು ಗೀರಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ, ಅಸಡ್ಡೆ ಬೇಡ ಎಂದರು. ಕೊನೆಗೆ ಕೋರ್ಟಿನ ಮಾತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಕ್ಕೆ ಸಾಗಿಸಿ ಎಂದಾಗ ಅವರು ರಾತ್ರಿಗಟ್ಟಲೆ ನಿದ್ದೆ ಮಾಡಿರಲಿಲ್ಲ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವವು ಮತ್ತು ಮೇಲೆ ಬೀಳುವವು ಮಾತ್ರ ಬೇಡ ಎಂದಿತು. ಪಾಲಿಕೆಗೆ ಅರ್ಜಿ ಹಾಕಿ ದತ್ತು ಪಡೆದವರು ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕು ಎಂಬ ಮಾತೂ ಆ ಆದೇಶದಲ್ಲಿದೆ. ಬುಲೆಟ್ ಪಾಲಿಕೆಯ ಮೂಲಕ ಬಂದವನಲ್ಲ. ಆಂಟಿಗೆ ಅದೆಲ್ಲ ಲೆಕ್ಕಕ್ಕಿಲ್ಲ. “ಕೋರ್ಟೇ ಹೇಳಿದೆ” ಎಂದರು, ತಮ್ಮ ಪರವಾಗಿ ತೀರ್ಪು ಬಂದವರ ಹಾಗೆ.

ಓಣಿಯ ತಿರುವು. ಇಲ್ಲಿನ ಮನೆಗಳು 1970ರ ದಶಕದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕಟ್ಟಿದವು. ಆಗ ಕಾರಿಗೆಂದು ಯಾರೂ ಜಾಗ ಬಿಟ್ಟಿರಲಿಲ್ಲ, ಈಗ ಎರಡೂ ಬದಿಗೆ ಕಾರು ನಿಂತು ನಡುವೆ ಒಂದು ರಿಕ್ಷಾ ಹೋಗುವಷ್ಟೇ ದಾರಿ. ಒಂದು ಕಾರಿನ ಮಾಡಿನ ಮೇಲೆ ಕರಿ ನಾಯಿ ಮಲಗಿದೆ. ಕೆಳಗೆ ಇನ್ನೆರಡು. ಕರಿದು ತಲೆ ಎತ್ತಿತು. ಬುಲೆಟ್‌ನ ಬಾಲ ನೆಟ್ಟಗಾಯಿತು, ಬೆನ್ನಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಗೆರೆ ಎಳೆದಂತೆ ಎದ್ದಿತು. ಹಗ್ಗ ಬಿಗಿಹಿಡಿಯಬೇಡಿ, ಕೂಗಬೇಡಿ, ಎದುರಿಗೆ ಹೋಗದೆ ಬಳಸಿಕೊಂಡು ಹೋಗಿ ಎಂದಿದ್ದರು ಆಂಟಿ. ಬಳಸಲು ದಾರಿ ಎಲ್ಲಿದೆ? ನೀವು ಹಿಂದಕ್ಕೇ ತಿರುಗುತ್ತೀರಿ. ಮೂರೂ ನಾಯಿಗಳು ಓಣಿಯ ತುದಿಯವರೆಗೆ ಬೊಗಳುತ್ತಾ ಬಂದು, ವಿದ್ಯುತ್ ಕಂಬದ ಹತ್ತಿರ ನಿಂತವು. ಅಲ್ಲಿಗೆ ಅವುಗಳ ಸರಹದ್ದು ಮುಗಿಯಿತು. ಎದೆ ಡವಗುಟ್ಟುತ್ತಿದೆ. ಬುಲೆಟ್ ಮಾತ್ರ ಏನೂ ಆಗದವನಂತೆ ಅದೇ ಕಂಬಕ್ಕೆ ಕಾಲೆತ್ತಿದ. ಮನೆಯಿಂದ ಹೊರಟು ಹತ್ತು ನಿಮಿಷ ಆಗಿದೆ ಅಷ್ಟೆ. ಇದು ದಿನಕ್ಕೆ ಕನಿಷ್ಠ ಎರಡು ಸಲ, ವರ್ಷವಿಡೀ. ಚಳಿಗಾಲದಲ್ಲಿ ಇದೇ ಹೊತ್ತಿಗೆ ಕತ್ತಲು ಮತ್ತು ಮಂಜು.

ಎರಡನೆಯ ಮಹಡಿ. ಮೆಟ್ಟಿಲು ಕಿರಿದು, ಲಿಫ್ಟ್ ಇಲ್ಲ. ಇಳಿಯುವಾಗ ಅವನು ಮುಂದೆ, ನೀವು ಗೋಡೆ ಹಿಡಿದುಕೊಂಡು ಹಿಂದೆ. ಹತ್ತುವಾಗಲೂ ಹಾಗೆಯೇ. ಬಾಗಿಲು ತೆರೆದರೆ ಅಜ್ಜಿ.

ಅಜ್ಜಿ ಅಂದರೆ ನಿಮ್ಮ ಅತ್ತೆ. ಎಪ್ಪತ್ತಾರು ವರ್ಷ. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವರು. ಬುಲೆಟ್‌ಗೆ ನಿನ್ನೆ ರಾತ್ರಿಯಿಂದಲೇ ಈ ಮನೆಯಲ್ಲಿ ಅತಿ ಹೆಚ್ಚು ಪ್ರೀತಿ ಬಂದಿರುವುದು ಅವರ ಮೇಲೆ. ಅವರು ಕಂಡರೆ ಸಾಕು, ಮುಂಗಾಲೆರಡೂ ಎದೆಯ ಮೇಲೆ ಇಡುವುದೇ. ಈಗಲೂ ನೆಗೆದ. ನೀವು ಹಗ್ಗ ಎಳೆದಿರಿ, ಅಜ್ಜಿ ಬಾಗಿಲ ಚೌಕಟ್ಟಿಗೆ ಆತುಕೊಂಡರು, ಗಾಳಿಯಲ್ಲಿ ನಾಲಿಗೆ ಚಾಚಿದ ಹದಿನೆಂಟು ಕಿಲೋ ಅವರ ಸೀರೆಯ ನೆರಿಗೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

“ಇದಕ್ಕ ನನ್ನ ಮ್ಯಾಲೆ ಸಿಟ್ಟಿಲ್ಲ ನೋಡವಾ. ಪ್ರೀತಿ ಐತಿ. ಅದ ತೊಂದರಿ.”

ನಾಲ್ಕೂ ಕಾಲು ನೆಲಕ್ಕೆ ಬರುವವರೆಗೆ ಯಾರೂ ಮಾತಾಡಿಸಬಾರದು, ಮುಟ್ಟಬಾರದು, ಮುಖ ನೋಡಬಾರದು. ಇಳಿದು ನಿಂತ ಕ್ಷಣ ತಿನಿಸು. ಮನೆಯವರೆಲ್ಲ ಹೀಗೇ ಮಾಡಿದರೆ ಕೆಲವು ವಾರಗಳಲ್ಲಿ ನೆಗೆತ ಬಿಡುತ್ತದೆ, ಇದು ಆಂಟಿಯ ಪಾಠ. ಸುಳ್ಳಲ್ಲ. ಆದರೆ ಮನೆಯವರೆಲ್ಲ ಎಂಬಲ್ಲಿ ಹಾಲಿನವನು, ಇಸ್ತ್ರಿಯವನು, ಡಬ್ಬ ತರುವ ಹುಡುಗರು, ಮಗಳ ಗೆಳತಿಯರು ಎಲ್ಲ ಸೇರುತ್ತಾರೆ. ಅವರಲ್ಲೊಬ್ಬರು “ಅರೇ ಬುಲೆಟ್!” ಎಂದು ಕೆನ್ನೆ ಸವರಿದರೆ ಪಾಠ ಮತ್ತೆ ಮೊದಲಿನಿಂದ. ಆ ಕೆಲವು ವಾರಗಳಲ್ಲಿ ಒಂದೇ ಒಂದು ನೆಗೆತ ಗುರಿ ಮುಟ್ಟಿದರೂ ಸಾಕು, ಆ ವಯಸ್ಸಿನ ಸೊಂಟದ ಮೂಳೆ ಮುರಿದರೆ ಮನೆಯ ಕಥೆಯೇ ಬೇರೆ.

ಗಂಡನ ಸಿದ್ಧಾಂತ ಬೇರೆ ಇತ್ತು. “ಏನಿಲ್ಲ, ಓಡಿಸಿದರೆ ಸರಿಹೋಗ್ತಾನೆ.” ನಿನ್ನೆ ಸಂಜೆ ಪಾರ್ಕಿನ ಸುತ್ತ ಅವನ ಜೊತೆ ಓಡಿದವರು ಅವರೇ. ಎಂಟಕ್ಕೆ ಬಂದವರು ಕೂಲರ್ ಎದುರು ಚಾಪೆಯ ಮೇಲೆ ಅಡ್ಡಾದರು. ಬುಲೆಟ್ ಒಂದು ಬಟ್ಟಲು ನೀರು ಕುಡಿದು, ಐದು ನಿಮಿಷ ಏದುಸಿರು ಬಿಟ್ಟು, ಎದ್ದು ಬಾಲ್ಕನಿಗೂ ಬಾಗಿಲಿಗೂ ಗಸ್ತು ಹೊಡೆಯತೊಡಗಿದ. ಹತ್ತಕ್ಕೂ ಹೊಡೆಯುತ್ತಿದ್ದ. ಚಟುವಟಿಕೆಯ ನಾಯಿ ತಂದವರೆಲ್ಲ ಮೊದಲು ಬೀಳುವ ಹಳ್ಳ ಇದೇ. ಓಡಿಸಿದಷ್ಟೂ ನಾಯಿಗೆ ದಮ್ಮು ಹೆಚ್ಚುತ್ತದೆ. ಈ ತಿಂಗಳು ಎರಡು ಸುತ್ತಿಗೆ ದಣಿದದ್ದು ಮುಂದಿನ ತಿಂಗಳು ನಾಲ್ಕು ಕೇಳುತ್ತದೆ. ಅದೂ ಈ ಊರಿನ ಜೂನ್‌ನಲ್ಲಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರುವುದು ಪಾದದಲ್ಲಿ ಮಾತ್ರ, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ನಲವತ್ತನಾಲ್ಕು ಡಿಗ್ರಿಯಲ್ಲಿ ಅದನ್ನು ಓಡಿಸುವುದು ವ್ಯಾಯಾಮವಲ್ಲ, ಅಪಾಯ.

ಹನ್ನೊಂದು ಗಂಟೆ. ಕಿಟಕಿಗೆ ಪರದೆ ಎಳೆದಾಗಿದೆ. ಕೂಲರಿನ ಹುಲ್ಲಿನ ವಾಸನೆ ಮನೆ ತುಂಬಿದೆ. ಒಂಬತ್ತು ವರ್ಷದ ಮಗಳು ನೆಲದ ಮೇಲೆ ಹಳೆಯ ಟವೆಲ್ ಹಾಸಿ, ಜೋಳದ ರೊಟ್ಟಿಯ ಚೂರುಗಳನ್ನು ಉದ್ದಕ್ಕೂ ಉದುರಿಸಿ, ಸುರುಳಿ ಸುತ್ತಿ, ಗಂಟು ಹಾಕುತ್ತಾಳೆ. ಬುಲೆಟ್ ಮೂಗಿನಿಂದ ತಿವಿದ. ಕಾಲಿನಿಂದ ಒತ್ತಿದ. ಮೂಗಿನ ಹೊಳ್ಳೆಗಳು ಬೇಗ ಬೇಗ ಅಗಲವಾಗಿ ಕಿರಿದಾಗುತ್ತಿವೆ, ಸೊಸ್ ಸೊಸ್ ಎಂಬ ಸದ್ದು ಕೂಲರಿನ ಸದ್ದಿನ ನಡುವೆಯೂ ಕೇಳುತ್ತದೆ. ಮೊದಲ ಚೂರು ಸಿಕ್ಕಿತು. ಗಂಟನ್ನು ಹಲ್ಲಿನಿಂದ ಎಳೆಯುವ ಬದಲು ಪಾದದಲ್ಲಿ ಒತ್ತಿಹಿಡಿದು ಮೂಗಿನಿಂದ ಸಡಿಲಿಸುತ್ತಾನೆ. ಹತ್ತು ನಿಮಿಷದ ಮೂಗಿನ ಕೆಲಸ. ಕೊನೆಯ ಚೂರು ಮುಗಿದದ್ದೇ ಒಮ್ಮೆ ಮೈ ಕೊಡವಿ, ಮೂರು ಸುತ್ತು ತಿರುಗಿ, ಟವೆಲಿನ ಮೇಲೇ ಮಲಗಿಬಿಟ್ಟ. ನಿನ್ನೆ ಅಷ್ಟು ಓಟ ಮಾಡಲಾರದ್ದನ್ನು ಅರ್ಧ ರೊಟ್ಟಿ ಮಾಡಿತು.

ಅಜ್ಜಿ ಕುರ್ಚಿಯಿಂದ ಎಲ್ಲ ನೋಡುತ್ತಿದ್ದಾರೆ. ಅಡುಗೆಮನೆಗೂ ದೇವರ ಗೂಡಿಗೂ ಅಡ್ಡ ಹಲಗೆ ಇಡಿಸಿದ್ದು ಬಿಟ್ಟರೆ ಅವರದು ಬೇರೆ ತಕರಾರಿಲ್ಲ. ತವರು ಮುಧೋಳದ ಹತ್ತಿರ. ಬೇಟೆನಾಯಿಗಳ ನಡುವೆ ಬೆಳೆದವರು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಾಗ ಅದನ್ನು ಹಚ್ಚಿದ ಕಾಗದವೊಂದು ಊರಿಂದ ಬಂದಿತ್ತು, ಇನ್ನೂ ಟ್ರಂಕಿನಲ್ಲಿದೆ. ತಿಮ್ಮಾಪುರದಲ್ಲಿ ಆ ನಾಯಿಗೆಂದೇ ಸಂಶೋಧನಾ ಕೇಂದ್ರ ಆಗಿದೆ ಎಂದರೆ ನಗುತ್ತಾರೆ. ಅವರ ಕಾಲದಲ್ಲಿ ಆ ವಿದ್ಯೆ ದನದ ಕೊಟ್ಟಿಗೆಯಲ್ಲೇ ಇತ್ತು.

“ನಮ್ಮ ಬ್ಯಾಟಿ ನಾಯಿ ಮೊಲಾ ಕಂಡ್ರ ಗಾಳಿಗತೆ ಓಡತಿದ್ದು. ಬಂದು ಕಟ್ಟಿ ಮ್ಯಾಲೆ ಹೆಣಾ ಬಿದ್ದಂಗ ಮಕ್ಕೋತಿದ್ದು, ಸಂಜಿತನಾ ಏಳತಿದ್ದಿಲ್ಲ. ಓಡೂ ನಾಯಿ ಮನ್ಯಾಗಿಟ್ಟುಕೊಳ್ಳೂದು ಸುಲಭ ಐತಿ. ಇದಕ್ಕ ಓಡೂದು ಬರ್ತೈತಿ, ಮಕ್ಕೊಳ್ಳೂದು ಯಾರೂ ಕಲಿಸಿಲ್ಲ.”

ಮುಧೋಳದಂಥ ಓಟದ ತಳಿಗಳನ್ನು ಸಾಕಿದವರು ಯಾರೇ ಆದರೂ ಇದನ್ನೇ ಹೇಳುತ್ತಾರೆ. ನಾಯಿ ಎಷ್ಟು ಓಡುತ್ತದೆ ಎಂಬುದಕ್ಕಿಂತ, ಏನೂ ನಡೆಯದ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಬುಲೆಟ್ ಟವೆಲ್ ಸಿಕ್ಕರೆ ಮಲಗುತ್ತಾನೆ, ಸಿಗದಿದ್ದರೆ ಗಸ್ತು ಹೊಡೆಯುತ್ತಾನೆ. ಕಲಿಸಬಹುದಾದ ವಿದ್ಯೆ ಇದು. ಕಲಿಸುವವರು ಬೇಕು.

ಮಧ್ಯಾಹ್ನ ಊಟದ ಮೇಲೆ ಮಾವಿನ ಹಣ್ಣು. ಈ ಊರಿನ ದಶೆಹರಿ ಅಜ್ಜಿಗೆ ಸೇರುವುದಿಲ್ಲ, ಧಾರವಾಡದ ಆಪೂಸಿನ ಮುಂದೆ ಇದೇನು ಎಂದು ಹೇಳುತ್ತಲೇ ಎರಡು ತಿನ್ನುತ್ತಾರೆ. ಮಗಳು ಚೀಪಿದ ವಾಟೆಯನ್ನು ತಟ್ಟೆಯ ಅಂಚಿಗೆ ಇಟ್ಟಳು. ಮಲಗಿದ್ದಾನೆಂದುಕೊಂಡಿದ್ದ ಬುಲೆಟ್ ಮರುಕ್ಷಣ ಅದನ್ನು ಬಾಯಲ್ಲಿಟ್ಟುಕೊಂಡು ಮಂಚದ ಕೆಳಗೆ! ವಾಟೆ ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಹೊಟ್ಟೆ ಕೊಯ್ಯಿಸಬೇಕಾಗಬಹುದು. ಮಗಳು ಕಿರುಚಿ ಹಿಂದೆ ಬಿದ್ದಳು. ಅವನಿಗದು ಆಟ. ಮಂಚದ ಈ ಕಡೆಯಿಂದ ಹೊರಟು ಸೋಫಾದ ಮೇಲೆ ಹಾರಿ ಬಾಲ್ಕನಿಗೆ ಓಡಿದ. ನೀವೂ ಓಡಿದಿರಿ, ನಿಮ್ಮ ಮನೆಯವರೂ ಓಡಿದರು. “ನಿಲ್ರಿ ಎಲ್ಲಾರೂ!” ಅಜ್ಜಿ ಕೂತಲ್ಲಿಂದಲೇ ಒಂದು ತುಂಡು ಜೋಳದ ರೊಟ್ಟಿಗೆ ತುಪ್ಪ ಸವರಿ ಕೈ ಚಾಚಿದರು. ಅವನ ಕಣ್ಣು ರೊಟ್ಟಿಗೆ, ಬಾಯಿ ವಾಟೆಗೆ. ಎರಡು ಸೆಕೆಂಡು. ಠಕ್ ಎಂದು ವಾಟೆ ನೆಲಕ್ಕೆ ಬಿತ್ತು. “ಕಸಗೋಬ್ಯಾಡ್ರಿ ಅದರ ಕಡೆಯಿಂದ. ಬದಲಿ ಕೊಡ್ರಿ.” ನಾಯಿ ತರಬೇತಿಯ ಪುಸ್ತಕಗಳೂ ಹೇಳುವುದು ಇದನ್ನೇ.

ಮಗಳು ಆಗಲೇ ಅವನಿಗೆ ‘ಕಿವಿ’ ಎಂದು ಹೆಸರಿಡಲು ಹೊಂಚುತ್ತಿದ್ದಾಳೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಬರುವ ನಾಯಿಯ ಹೆಸರು, ಓದಿ ಹೇಳಿದವರು ನೀವೇ. ನಾಳೆಯವರೆಗೆ ಬುಲೆಟ್ಟೇ ಇರಲಿ ಎನ್ನುತ್ತೀರಿ. ಹೆಸರಿಟ್ಟರೆ ತೀರ್ಮಾನ ಆದಂತೆಯೇ.

ಸಂಜೆ ಆರೂವರೆ. ಅವನನ್ನು ಒಂಟಿಯಾಗಿ ಬಿಟ್ಟು ನೋಡುವುದೊಂದು ಉಳಿದಿದೆ. ಫ್ರಿಜ್ಜಿನ ಮೇಲೆ ಹಳೆಯ ಫೋನನ್ನು ಡಬ್ಬಕ್ಕೆ ಒರಗಿಸಿ, ವಿಡಿಯೊ ಹಚ್ಚಿ, ಅಜ್ಜಿಯನ್ನೂ ಕರೆದುಕೊಂಡು ಎಲ್ಲರೂ ಕೆಳಗಿಳಿಯುತ್ತೀರಿ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ. ಯಾರಿಗೂ ಮಾತು ಬೇಡ. ಮೇಲಿನಿಂದ ಸದ್ದೇನೂ ಕೇಳಿಸುತ್ತಿಲ್ಲ, ಅದೇ ಸಮಾಧಾನ. ವಾಪಸು ಹೋದರೆ ಮನೆ ಇದ್ದ ಹಾಗೇ ಇದೆ. ಚಪ್ಪಲಿ ಕಚ್ಚಿಲ್ಲ, ಸೋಫಾ ಹರಿದಿಲ್ಲ. “ನೋಡಿದ್ಯಾ?” ಎಂದು ಮಗಳು ಕುಣಿದಳು.

ಆಮೇಲೆ ವಿಡಿಯೊ ನೋಡಿದಿರಿ. ಬಾಗಿಲು ಮುಚ್ಚಿದ ಕ್ಷಣದಿಂದ ಅವನು ಬಾಗಿಲ ಸಂದಿಗೆ ಮೂಗಿಟ್ಟು ನಿಂತ. ಬಾಲ್ಕನಿಗೆ ಹೋದ. ಬಾಗಿಲಿಗೆ ಬಂದ. ಬಾಲ್ಕನಿಗೆ. ಬಾಗಿಲಿಗೆ. ಕೂಲರ್ ಓಡುತ್ತಿದ್ದರೂ ನಾಲಿಗೆ ಹೊರಗೆ, ಜೊಲ್ಲಿನ ಹನಿ ನೆಲದ ಮೇಲೆ. ಮಗಳು ಸುತ್ತಿಟ್ಟಿದ್ದ ರೊಟ್ಟಿಯ ಟವೆಲನ್ನು ದಾಟಿಕೊಂಡು ಹೋದನೇ ಹೊರತು ಒಮ್ಮೆಯೂ ಮೂಸಲಿಲ್ಲ. ನೀವು ವೇಗ ಹೆಚ್ಚಿಸಿ ಓಡಿಸುತ್ತೀರಿ. ಇಪ್ಪತ್ತನೇ ನಿಮಿಷ, ಇಪ್ಪತ್ತೈದು. ಕೂತಿಲ್ಲ. ಹಸಿದ ನಾಯಿ ರೊಟ್ಟಿ ಬಿಟ್ಟಿದೆ ಎಂದರೆ ಅದು ತುಂಟತನವಲ್ಲ, ದಿಗಿಲು. ಒಂದು ಸಲ ಬಿಟ್ಟುಹೋದವರನ್ನು ಅದು ಲೆಕ್ಕ ಇಟ್ಟುಕೊಂಡಿರಬೇಕು, ಅಥವಾ ಆಂಟಿಯ ಮನೆಯಲ್ಲಿ ನಾಲ್ಕು ಜೊತೆಗಾರರಿದ್ದು ಒಂಟಿತನವೇ ಗೊತ್ತಿಲ್ಲದೆ ಇರಬಹುದು. ಕಾರಣ ಏನೇ ಇರಲಿ, ನಿಮಗೆ ಬೇಕಾದ ಉತ್ತರ ಆ ವಿಡಿಯೊದಲ್ಲಿದೆ.

ರಾತ್ರಿ. ಮಗಳು ಮಲಗಿದ್ದಾಳೆ, ಬುಲೆಟ್ ಅವಳ ಮಂಚದ ಕಾಲಿನ ಹತ್ತಿರ. ಆಶ್ರಯದಿಂದ ಬಂದ ನಾಯಿಗೆ ಮೂರು ದಿನ ದಿಗಿಲು, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ಮನೆ ಎಂದು ನಾಯಿ ಬಲ್ಲವರು ಅಂದಾಜು ಹೇಳುತ್ತಾರೆ. ಹಾಗಿದ್ದರೆ ಎರಡು ರಾತ್ರಿಯಲ್ಲಿ ನಾಯಿ ಪೂರ್ತಿ ಗೊತ್ತಾಗುವುದು ಸಾಧ್ಯವಿಲ್ಲ. ಗೊತ್ತಾಗುವುದು ಮನೆ.

“ಈಗ ಎಲ್ಲಾ ಮನೇಲೇ ಇದ್ದೀವಲ್ಲ ರೀ,” ಎನ್ನುತ್ತೀರಿ. ನಿಮ್ಮವರು ಗೋಡೆಯ ಕ್ಯಾಲೆಂಡರ್ ಇಳಿಸಿ ತಿರುವುತ್ತಿದ್ದಾರೆ. ನಿಮ್ಮ ಶಾಲೆಗೆ ರಜೆ, ಮಗಳ ಶಾಲೆಗೆ ರಜೆ. ಬುಲೆಟ್ ನೋಡಿದ್ದು ಜೂನ್‌ನ ಮನೆಯನ್ನು. ಜುಲೈಯಲ್ಲಿ ನೀವೂ ಮಗಳೂ ಬೆಳಿಗ್ಗೆ ಏಳಕ್ಕೇ ಹೊರಡಬೇಕು. ನಿಮ್ಮವರು ಎಂಟೂವರೆಗೆ ಜನಕಪುರಿ ವೆಸ್ಟ್‌ನಲ್ಲಿ ಮೆಜೆಂಟಾ ಮೆಟ್ರೋ ಹಿಡಿದು ರಾಮಕೃಷ್ಣಪುರಕ್ಕೆ. ದೀಪಾವಳಿಯವರೆಗೆ ಅಜ್ಜಿ ಮನೆಯಲ್ಲಿರುತ್ತಾರೆ, ಸರಿ. ದೀಪಾವಳಿಯ ರಾತ್ರಿಯೇ ಒಂದು ಪರೀಕ್ಷೆ. 2025ರಲ್ಲಿ ಕೋರ್ಟ್ ಹಸಿರು ಪಟಾಕಿಗೆ ಗಂಟೆ ಗೊತ್ತುಮಾಡಿ ಅನುಮತಿ ಕೊಟ್ಟಾಗ ಆ ಗಂಟೆಗಳನ್ನು ಯಾರೂ ನೋಡಲಿಲ್ಲ. ಅದು ಮುಗಿದು ಹೊಗೆ ಕವಿದ ಕೂಡಲೇ ಅಜ್ಜಿಗೆ ಉಬ್ಬಸ. ಪ್ರತಿ ವರ್ಷದಂತೆ ತಮ್ಮನ ಮನೆಗೆ ಬಾಗಲಕೋಟೆಗೆ ಹೋದರೆ ಶಿವರಾತ್ರಿಗೇ ವಾಪಸು. ಆ ದಿನಗಳಲ್ಲಿ ಎಂಟೂವರೆಯಿಂದ ಮೂರರವರೆಗೆ, ಬಾಲ್ಕನಿಗೂ ಬಾಗಿಲಿಗೂ.

“ಅಷ್ಟರೊಳಗೆ ಕಲಿಸಬಹುದಲ್ಲ?” ನಿಜ, ಕಲಿಸಬಹುದು. ಇವತ್ತು ಒಂದು ನಿಮಿಷ ಬಾಗಿಲು ಮುಚ್ಚಿ ತೆರೆಯುವುದು, ನಾಳೆ ಎರಡು, ಅವನು ನಡುಗುವ ಮೊದಲೇ ಒಳಗೆ ಬರುವುದು. ಐದು ತಿಂಗಳು ದಿನಾ ಬಿಡದೆ ಮಾಡಿದರೆ ಬಹಳ ನಾಯಿಗಳು ಸುಧಾರಿಸುತ್ತವೆ. ಮಾಡುವ ಮನೆಗಳಿವೆ, ಅಂಥ ಮನೆ ಅವನಿಗೆ ಸಿಗಬೇಕು. ಜುಲೈಯ ಸೆಕೆಯಲ್ಲಿ, ಉತ್ತರಪತ್ರಿಕೆಯ ಕಟ್ಟು ಹೊತ್ತು ಮೂರಕ್ಕೆ ಮನೆಗೆ ಬಂದು, ಬಾಗಿಲು ಮುಚ್ಚಿ ತೆರೆಯುವ ಆ ಕೆಲಸಕ್ಕೆ ನಿಲ್ಲುವವರು ಈ ಮನೆಯಲ್ಲಿ ಯಾರು? ಮಧ್ಯಾಹ್ನ ಕೇಳಿದಾಗ “ನಾನು” ಎಂದವಳು ಮಗಳು. ನಾಲ್ಕನೇ ತರಗತಿಯವರು ರಜೆಯಲ್ಲಿ ಕೊಡುವ ಮಾತು ಸುಳ್ಳಾಗಿರುವುದಿಲ್ಲ, ರಜೆ ಮುಗಿಯುತ್ತದೆ ಅಷ್ಟೆ.

ಅಜ್ಜಿಯ ಮಂಚದ ಮೇಲಿಂದ ದನಿ: “ನನ್ನ ಸಲುವಾಗಿ ಬ್ಯಾಡ ಅನಬ್ಯಾಡ್ರಿ. ಆದ್ರ ನಾ ಬಿದ್ರ ಎತ್ತಾವ್ರು ನೀವ ನೋಡ್ರಿ.”

ನಿಮ್ಮವರು ಕ್ಯಾಲೆಂಡರನ್ನು ಗೋಡೆಗೆ ಮತ್ತೆ ಸಿಕ್ಕಿಸುತ್ತಾರೆ. ತೀರ್ಮಾನವನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಆಂಟಿಯ ಬಾಗಿಲು. ಒಳಗೆ ನಾಲ್ಕು ನಾಯಿಗಳ ಗದ್ದಲ, ಬುಲೆಟ್ ಹಗ್ಗ ಬಿಚ್ಚುವ ಮೊದಲೇ ಅದರೊಳಗೆ ಸೇರಿಹೋದ. ಅವನ ನಂಬಿಕೆದ್ರೋಹದ ಬಗ್ಗೆ ಮಗಳಿಗೆ ಸಿಟ್ಟು. ದಾರಿಯುದ್ದಕ್ಕೂ ಯಾರೊಂದಿಗೂ ಮಾತಾಡಿಲ್ಲ. ನೀವು ಕಾರಣಗಳನ್ನು ಜೋಡಿಸಿಕೊಂಡು ಬಂದಿದ್ದೀರಿ. “ಊಹೂಂ, ಅಲ್ಲವಾ ಜೀ?” ಎಂದು ಆಂಟಿಯೇ ಮುಗಿಸಿದರು. ಮುಖದಲ್ಲಿ ಬೇಸರವಿಲ್ಲ. ಬಂದ ದಿನವೇ ಕಣ್ಣೀರು ಹಾಕಿ ಹೂಂ ಎನ್ನುವವರನ್ನು ಕಂಡರೆ ಅವರಿಗೆ ಹೆಚ್ಚು ಭಯ. ಫೋನ್ ತೆಗೆದು, ಕನ್ನಡಕ ಮೂಗಿಗೆ ಇಳಿಸಿ, ಸೋಫಾದಲ್ಲಿ ಕೂತರು. ಬುಲೆಟ್ ಬಗ್ಗೆ ಅವರು ಹಾಕಿದ್ದ ಹಳೆಯ ಬರಹದಲ್ಲಿ ಇದ್ದದ್ದು ಎರಡೇ ಮಾತು: ತುಂಬಾ ಚೂಟಿ, ತುಂಬಾ ಪ್ರೀತಿ. ಅದನ್ನು ಅಳಿಸಿದರು.

“ಹೇಳಿ.”

ನೀವು ಹೇಳುತ್ತೀರಿ, ಅವರು ಒಂದೊಂದೇ ಬೆರಳಿನಲ್ಲಿ ಹಿಂದಿಯಲ್ಲಿ ಒತ್ತುತ್ತಾರೆ. ಮಕ್ಕಳೊಂದಿಗೆ ಜಾಣ. ನೆಗೆಯುತ್ತಾನೆ, ಮನೆಯಲ್ಲಿ ತೀರ ವಯಸ್ಸಾದವರಿದ್ದರೆ ಬೇಡ. ಅರ್ಧ ಗಂಟೆಯೂ ಒಂಟಿ ಇರಲಾರ; ಇನ್ನೊಂದು ನಾಯಿ ಇರು‍ವ ಮನೆ ಅಥವಾ ಹಗಲು ಯಾರಾದರೂ ಇರುವ ಮನೆ. ಓಡಿಸಿದರೆ ದಣಿಯುವುದಿಲ್ಲ, ಮೂಗಿಗೆ ಕೆಲಸ ಕೊಟ್ಟರೆ ಮಲಗುತ್ತಾನೆ. ಬೀದಿಯ ನಾಯಿಗಳನ್ನು ಕಂಡರೆ ಎಳೆಯುತ್ತಾನೆ, ಹಗ್ಗ ಹಿಡಿಯುವವರಿಗೆ ತೋಳಿನಲ್ಲಿ ಶಕ್ತಿ ಬೇಕು.

“ಮಾವಿನ ವಾಟೆ,” ಮಗಳು ಬಾಗಿಲ ಹತ್ತಿರದಿಂದಲೇ ಹೇಳಿದಳು, ಆ ಬೆಳಗಿನ ಮೊದಲ ಮಾತು. “ಅದನ್ನ ಬಾಯಿಗೆ ಹಾಕ್ಕೊಂಡ್ರೆ ಹಿಂದೆ ಓಡಬಾರದು ಅಂತಾನೂ ಹಾಕಿ. ರೊಟ್ಟಿ ತೋರಿಸಿದ್ರೆ ಅವನೇ ಬಿಡ್ತಾನೆ.”

ನೀವು ಹಿಂದಿಯಲ್ಲಿ ಹೇಳಿದಿರಿ. ಆಂಟಿಯ ಬೆರಳು ನಿಂತಿತು. “ಯಾವ ರೊಟ್ಟಿ ಬೇಟಾ, ಗೋಧಿದಾ?”

“ಜೋಳದ್ದು. ತುಪ್ಪ ಸವರಿದ್ದು.”